ಕಾಣದ ರೋಗಿಯ ಹೊಣೆ

ತೋರಣಗಲ್ಲು ಎಂದೊಡನೆ ಯಾರ ಮನಸ್ಸಿಗೂ ಮೊದಲು ಬರುವುದು ಕಬ್ಬಿಣ. ಸಂಡೂರಿನ ಬೆಟ್ಟಗಳ ಕೆಂಪು ಮಣ್ಣು, ಅದಿರು ಹೊತ್ತ ಲಾರಿಗಳ ಸಾಲು, ಹೊಸಪೇಟೆಗೂ ಬಳ್ಳಾರಿಗೂ ನಡುವೆ ರಾತ್ರಿಯ ರೈಲಿನಲ್ಲಿ ಹೋಗುವವರಿಗೆ ದೂರದಿಂದಲೇ ಕಾಣುವ ಕುಲುಮೆಗಳ ಬೆಳಕು, ಇವೇ ಆ ಊರಿನ ಗುರುತು. ೧೯೭೧ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲನ್ನಿಟ್ಟರು. ಆ ಕಲ್ಲು ಎರಡು ದಶಕಗಳಿಗೂ ಮಿಕ್ಕಿ ಕಾದುಕೊಂಡಿತ್ತು. ಬಳಿಕ ೧೯೯೪ರಲ್ಲಿ ಹುಟ್ಟಿದ ಖಾಸಗಿ ಸಂಸ್ಥೆಯೊಂದರ ಕೈಯಲ್ಲಿ ಕಾರ್ಖಾನೆ ಮೈದಾಳಿತು. ಈ ಕಥೆ ಆ ಸೀಮೆಯ ಹಿರಿಯರಿಗೆಲ್ಲ ತಿಳಿದದ್ದೇ. ಆದರೆ ಈ ಕಬ್ಬಿಣದ ಊರಿನಲ್ಲಿ ಕಬ್ಬಿಣದಷ್ಟೇ ಅವಶ್ಯವಾಗಿ ಸಿದ್ಧವಾಗುವ ಇನ್ನೊಂದು ವಸ್ತುವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೈಗೆ ಸಿಕ್ಕುವ ರೂಪವಿಲ್ಲ. ಅದು ಆಮ್ಲಜನಕ.

ಕರಗಿದ ಕಬ್ಬಿಣದೊಳಗಿನ ಇಂಗಾಲದ ಅಂಶವನ್ನು ಸುಟ್ಟು ಕಳೆದು ಅದನ್ನು ಉಕ್ಕಾಗಿಸುವುದು ಆಮ್ಲಜನಕವೇ. ತೋರಣಗಲ್ಲಿನಲ್ಲಿ ಮೊದಲು ನೆಲೆಗೊಂಡ ಕೋರೆಕ್ಸ್ ವಿಧಾನದಲ್ಲಂತೂ ಕಲ್ಲಿದ್ದಲನ್ನು ಬರಿಯ ಗಾಳಿಯಲ್ಲಲ್ಲ, ಆಮ್ಲಜನಕದಲ್ಲಿಯೇ ಉರಿಸಬೇಕಾಗಿತ್ತು. ಆದಕಾರಣ ಅಲ್ಲಿ ಕುಲುಮೆಗಳ ಪಕ್ಕದಲ್ಲಿಯೇ ಗಾಳಿಯನ್ನು ಬೇರ್ಪಡಿಸುವ ದೊಡ್ಡ ಸ್ಥಾವರಗಳು ಎದ್ದು ನಿಂತವು. ಅವು ಹೊರಗಿನ ಗಾಳಿಯನ್ನು ಹೀರಿಕೊಂಡು, ಒತ್ತಿ, ಅದರೊಳಗಿನ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ತೆಗೆದುಹಾಕಿ, ಅದು ದ್ರವವಾಗುವ ತನಕ ತಣಿಸುತ್ತವೆ. ಸಾರಜನಕವು ಸೊನ್ನೆಗಿಂತ ೧೯೬ ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುತ್ತದೆ; ಆಮ್ಲಜನಕವು ೧೮೩ ಡಿಗ್ರಿ ಕೆಳಗೆ. ನಡುವಣ ಅಂತರ ಕೇವಲ ೧೩ ಡಿಗ್ರಿ. ಈ ಸಣ್ಣ ಅಂತರವನ್ನು ಹಿಡಿದುಕೊಂಡು ಒಂದನ್ನು ಮೇಲಕ್ಕೆ ಆವಿಯಾಗಿ ಬಿಟ್ಟು, ಇನ್ನೊಂದನ್ನು ತಳದಲ್ಲಿ ದ್ರವವಾಗಿ ಉಳಿಸಿಕೊಳ್ಳುವುದೇ ಆ ಸ್ಥಾವರದ ಕೆಲಸದ ತಿರುಳು.

೨೦೨೧ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕೋವಿಡ್ ವ್ಯಾಧಿಯ ಎರಡನೆಯ ಅಲೆ ನಾಡನ್ನು ಅಪ್ಪಳಿಸಿದಾಗ ಈ ಕಾಣದ ವಸ್ತುವಿನ ಬೆಲೆ ಜನರಿಗೆ ಕಂಡಿತು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಮೇ ೨ ಮತ್ತು ೩ರ ನಡುವಣ ಅವಧಿಯಲ್ಲಿ, ಆಮ್ಲಜನಕದ ಕೊರತೆಯ ನಡುವೆ, ೨೪ ಮಂದಿ ಪ್ರಾಣ ಬಿಟ್ಟ ಸುದ್ದಿ ಕೇಳಿ ಕಣ್ಣೀರಿಡದವರು ವಿರಳ. ಆ ದಿನಗಳಲ್ಲಿ ತೋರಣಗಲ್ಲಿನ ಆಮ್ಲಜನಕ ಕುಲುಮೆಗಳ ದಾರಿ ಬಿಟ್ಟು ಆಸ್ಪತ್ರೆಗಳ ದಾರಿ ಹಿಡಿಯಿತು. ಟ್ಯಾಂಕರುಗಳು ಹಗಲಿರುಳೆನ್ನದೆ ಓಡಿದವು. ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲೇ ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆಯೊಂದನ್ನು ಯೋಜಿಸಿ, ಕಾರ್ಖಾನೆಯ ಆಮ್ಲಜನಕವನ್ನು ಕೊಳವೆಯ ಮೂಲಕ ನೇರವಾಗಿ ಹಾಸಿಗೆಗಳ ಬಳಿಗೆ ಒಯ್ಯುವ ಏರ್ಪಾಡಾಯಿತು.

ಲೆಕ್ಕದಲ್ಲಿ ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಒಂದು ಟನ್ನು ದ್ರವ ಆಮ್ಲಜನಕ ಆವಿಯಾದರೆ ಸಾಧಾರಣ ಉಷ್ಣತೆಯಲ್ಲಿ ಸುಮಾರು ಏಳೂವರೆ ಲಕ್ಷ ಲೀಟರು ಅನಿಲವಾಗುತ್ತದೆ. ನಿಮಿಷಕ್ಕೆ ೧೦ ಲೀಟರಿನಂತೆ ಉಸಿರಾಡುವ ರೋಗಿಗೆ ದಿನವೊಂದಕ್ಕೆ ೧೪,೪೦೦ ಲೀಟರು ಬೇಕು. ಎಂದರೆ ಕುಲುಮೆಯ ಲೆಕ್ಕದಲ್ಲಿ ಅಲ್ಪವೆನಿಸುವ ಆ ಒಂದು ಟನ್ನು, ಸುಮಾರು ೫೦ ಮಂದಿ ರೋಗಿಗಳಿಗೆ ಒಂದು ಹಗಲು, ಒಂದು ರಾತ್ರಿಯ ಉಸಿರು.

ಆದರೆ ಇಲ್ಲಿ ಸೂಕ್ಷ್ಮವಾದ ಅಂಶವೊಂದಿದೆ. ಕುಲುಮೆಗೆ ಹೋಗುವಾಗ ಅದು ಕಚ್ಚಾ ಸಾಮಗ್ರಿ. ರೋಗಿಯ ಮೂಗಿನ ಬಳಿಗೆ ಹೋಗುವಾಗ ಅದು ಔಷಧ. ಭಾರತದ ಕಾನೂನು ವೈದ್ಯಕೀಯ ಆಮ್ಲಜನಕವನ್ನು ಔಷಧವೆಂದೇ ಪರಿಗಣಿಸುತ್ತದೆ. ಅದರ ಶುದ್ಧಿಯನ್ನೂ ಅದರಲ್ಲಿ ಇರಬಹುದಾದ ಕಶ್ಮಲಗಳ ಮಿತಿಯನ್ನೂ ಅಳೆದು, ಬರೆದು, ಸಹಿ ಹಾಕಿಯೇ ಕಳುಹಿಸಬೇಕು. ಆ ಸಂಕಟದ ಕಾಲದಲ್ಲಿ ಟ್ಯಾಂಕರುಗಳು ಸಾಲದೆ ಹೋದಾಗ ಸಾರಜನಕ, ಆರ್ಗಾನ್ ಅನಿಲಗಳನ್ನು ಸಾಗಿಸುತ್ತಿದ್ದ ಟ್ಯಾಂಕರುಗಳನ್ನೂ ಆಮ್ಲಜನಕಕ್ಕೆ ಬಳಸಲು ಸರಕಾರ ಅನುಮತಿಯಿತ್ತಿತು. ಅನುಮತಿ ಸಿಕ್ಕಿದೊಡನೆ ತುಂಬಿ ಕಳುಹಿಸುವಂತಿರಲಿಲ್ಲ. ಮೊದಲಿದ್ದ ಅನಿಲವನ್ನು ಪೂರ್ತಿಯಾಗಿ ಹೊರದೂಡಬೇಕು. ಒಳಗೆ ಎಣ್ಣೆಯ, ಗ್ರೀಸಿನ ಜಿಡ್ಡು ಲವಲೇಶವೂ ಉಳಿಯದಂತೆ ತೊಳೆಯಬೇಕು. ಏಕೆಂದರೆ ಒತ್ತಡದಲ್ಲಿರುವ ಆಮ್ಲಜನಕಕ್ಕೆ ಜಿಡ್ಡು ತಗುಲಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಆಸ್ಪತ್ರೆಯಲ್ಲಿ ಜನ ಉಸಿರಿಗಾಗಿ ತವಕಿಸುತ್ತಿರುವಾಗ, ದೂರವಾಣಿ ಕ್ಷಣಕ್ಕೊಮ್ಮೆ ಮೊಳಗುತ್ತಿರುವಾಗ, ‘ಇನ್ನೂ ಸ್ವಲ್ಪ ತಡೆಯಿರಿ, ಟ್ಯಾಂಕರು ಶುದ್ಧವಾಗಿಲ್ಲ’ ಎಂದು ಹೇಳಬೇಕಾದವನ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬಹುದು. ತಡಮಾಡಿದರೆ ಪ್ರಾಣ ಹೋಗುತ್ತದೆ. ಅವಸರಪಟ್ಟರೂ ಪ್ರಾಣ ಹೋಗುತ್ತದೆ. ಈ ಎರಡರ ನಡುವಣ ಕಿರುದಾರಿಯಲ್ಲಿ ನಡೆಯುವುದು ಆಮ್ಲಜನಕ ತುಂಬುವವನ ಪಾಡು ಮಾತ್ರವಲ್ಲ. ವೈದ್ಯಕೀಯ ಉಪಕರಣಗಳನ್ನು ತಯಾರಿಸುವ ಪ್ರತಿಯೊಂದು ಕಾರ್ಖಾನೆಯ ಉತ್ಪಾದನಾ ಮುಖ್ಯಸ್ಥನ ನಿತ್ಯದ ಬದುಕೂ ಅದೇ ಆಗಿದೆ.

ಟ್ಯಾಂಕರು ಆಸ್ಪತ್ರೆಯನ್ನು ಮುಟ್ಟಿದ ಮಾತ್ರಕ್ಕೆ ರೋಗಿಗೆ ಉಸಿರು ದೊರೆಯುವುದಿಲ್ಲ. ದ್ರವವನ್ನು ಆವಿಯಾಗಿಸುವ ಸಾಧನ, ಕೊಳವೆ, ಒತ್ತಡವನ್ನು ತಗ್ಗಿಸುವ ಕವಾಟ, ಹರಿವನ್ನು ತೋರಿಸುವ ಮಾಪಕ, ಮುಖಕ್ಕೆ ತೊಡಿಸುವ ಮಾಸ್ಕ್, ಶ್ವಾಸಕೋಶ ಸೋತಾಗ ಅದರ ಪರವಾಗಿ ದುಡಿಯುವ ವೆಂಟಿಲೇಟರ್, ಹೀಗೆ ಒಂದೊಂದೂ ಎಲ್ಲಿಯೋ ಒಂದು ಕಾರ್ಖಾನೆಯಲ್ಲಿ ಯಾರದೋ ಕೈಯಿಂದ ಆದ ವಸ್ತು. ಸರಪಳಿಯ ಯಾವ ಕೊಂಡಿ ಕಳಚಿದರೂ ತೋರಣಗಲ್ಲಿನ ಶ್ರಮವೆಲ್ಲ ವ್ಯರ್ಥ.

ವೆಂಟಿಲೇಟರಿನ ಕಥೆಯೂ ಕನ್ನಡನಾಡಿನದೇ. ೨೦೨೦ರ ಮಾರ್ಚ್ ತಿಂಗಳಲ್ಲಿ ಜಗತ್ತಿನ ದೇಶಗಳೆಲ್ಲ ಈ ಯಂತ್ರಕ್ಕಾಗಿ ಕೈಚಾಚಿ ನಿಂತಿದ್ದವು. ಹಣವಿದ್ದರೂ ಹೊರಗಿನಿಂದ ತರಿಸುವುದು ದುಸ್ತರವಾಗಿತ್ತು. ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆ ತಾನು ರೂಪಿಸಿದ ಯಂತ್ರದ ವಿನ್ಯಾಸವನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೊಡನೆ ಹಂಚಿಕೊಂಡಿತು. ರಕ್ಷಣಾ ಸಂಶೋಧನಾ ಸಂಸ್ಥೆ ನೆರವಿಗೆ ನಿಂತಿತು. ೧೯೫೪ರಲ್ಲಿ ಸ್ಥಾಪನೆಯಾಗಿ, ಸೈನ್ಯಕ್ಕೆ ರೇಡಿಯೋ, ರೇಡಾರುಗಳನ್ನು ಮಾಡಿಕೊಡುವುದರಲ್ಲಿ ಪಳಗಿದ್ದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗೆ ಬಂದ ಬೇಡಿಕೆ ೩೦,೦೦೦ ವೆಂಟಿಲೇಟರುಗಳದು. ಕೆಲವೇ ತಿಂಗಳುಗಳಲ್ಲಿ ಆ ಕೆಲಸವನ್ನು ಅದು ನಿರ್ವಹಿಸಿತು.

ಈ ಸಂಖ್ಯೆಯನ್ನು ಓದಿ ಹೆಮ್ಮೆಪಡುವುದು ಸುಲಭ. ಅದರ ಹಿಂದಣ ದುಡಿಮೆಯನ್ನು ಅರಿಯುವುದಕ್ಕೆ ತುಸು ತಾಳ್ಮೆ ಬೇಕು. ಒಳ್ಳೆಯ ಯಂತ್ರವೊಂದನ್ನು ಮಾಡುವುದು ಪ್ರತಿಭೆಯ ಕೆಲಸ. ಅದೇ ಯಂತ್ರವನ್ನು ಮೂವತ್ತು ಸಾವಿರ ಸಲ, ಒಂದರಂತೆ ಇನ್ನೊಂದು ಇರುವ ಹಾಗೆ ಮಾಡುವುದು ಶಿಸ್ತಿನ ಕೆಲಸ. ವೆಂಟಿಲೇಟರಿನ ಒಳಗೆ ಉಸಿರಿನ ಹರಿವನ್ನು ಅಳೆಯುವ ಸಂವೇದಕವಿದೆ, ಕ್ಷಣಕ್ಷಣಕ್ಕೂ ತೆರೆದು ಮುಚ್ಚುವ ಸೂಕ್ಷ್ಮ ಕವಾಟಗಳಿವೆ, ತೊಂದರೆಯಾದೊಡನೆ ದಾದಿಯನ್ನು ಕೂಗಿ ಕರೆಯುವ ಗಂಟೆಯಿದೆ. ವಿಮಾನಸಂಚಾರವೇ ನಿಂತಿದ್ದ ಕಾಲದಲ್ಲಿ, ಪರದೇಶದಿಂದ ಬರುತ್ತಿದ್ದ ಇಂಥ ಭಾಗಗಳು ಬಾರದಾದಾಗ, ಸ್ವದೇಶದಲ್ಲೇ ಅವನ್ನು ಮಾಡಿಸಬೇಕಾಯಿತು. ಹೊಸದಾಗಿ ಮಾಡಿಸಿದ ಭಾಗ ಹಳೆಯದರಂತೆ ನಡೆದುಕೊಳ್ಳುವುದೇ ಎಂದು ಒರೆಹಚ್ಚಿ ನೋಡಬೇಕು. ಕೈಗಳು ಹೊಸವು, ಕೆಲಸ ಹೊಸದು; ಅವರಿಗೆ ಕಲಿಸಬೇಕು. ಮಾಡಿದ ಪ್ರತಿಯೊಂದು ಯಂತ್ರವನ್ನೂ ಗಂಟೆಗಟ್ಟಲೆ ಓಡಿಸಿ ನೋಡಬೇಕು. ಯಂತ್ರ ಆಸ್ಪತ್ರೆಯ ಬಾಗಿಲನ್ನು ಸೇರಿದರೂ ಹೊಣೆ ಮುಗಿಯುವುದಿಲ್ಲ. ನಡೆಸಬಲ್ಲ ಸಿಬ್ಬಂದಿಯಿಲ್ಲದೆ ಕೆಲವು ಕಡೆ ವೆಂಟಿಲೇಟರುಗಳು ಮೂಲೆಯಲ್ಲಿ ಉಳಿದ ಸುದ್ದಿಗಳು ೨೦೨೧ರಲ್ಲಿ ಬಂದವು. ಯಂತ್ರವನ್ನು ಕೊಡುವುದು ಬೇರೆ, ಉಸಿರನ್ನು ಕೊಡುವುದು ಬೇರೆ ಎಂಬ ಪಾಠ ಆಗ ಕಣ್ಣಿಗೆ ಕಟ್ಟಿತು.

ಇಂಥ ಕಾರ್ಖಾನೆಯ ಉತ್ಪಾದನೆಯನ್ನು ಮುನ್ನಡೆಸುವವನೆಂದರೆ ಗಾಜಿನ ಕೋಣೆಯಲ್ಲಿ ಕುಳಿತು ತಿಂಗಳ ಲೆಕ್ಕ ಕೇಳುವವನೆಂದು ಹೊರಗಿನವರು ಭಾವಿಸುವುದುಂಟು. ಲೆಕ್ಕ ಕೇಳುವುದೂ ಅವನ ಕೆಲಸವೇ, ಸಂದೇಹವಿಲ್ಲ. ಎಷ್ಟು ಆಯಿತು, ಎಷ್ಟು ಉಳಿಯಿತು, ಎಷ್ಟು ಹಾಳಾಯಿತು ಎಂಬುದನ್ನು ತಿಳಿಯದವನು ಕಾರ್ಖಾನೆ ನಡೆಸಲಾರ. ಆದರೆ ಅವನ ದಿನದ ಬಹುಭಾಗ ಹೋಗುವುದು ಅತಿ ಸಣ್ಣ ಸಂಗತಿಗಳಲ್ಲಿ. ಹಿಂದಿನ ಪಾಳಿಯವರು ಬಿಟ್ಟುಹೋದ ಲೇಬಲ್ಲುಗಳು ಮೇಜಿನ ಮೇಲೆ ಉಳಿದಿವೆಯೇ? ಉಳಿದಿದ್ದರೆ ಒಂದು ಅಳತೆಯ ಸೂಜಿಗೆ ಇನ್ನೊಂದು ಅಳತೆಯ ಹೆಸರು ಅಂಟಿಕೊಂಡೀತು. ಅಳೆಯುವ ಮಾಪಕವನ್ನೇ ಕಡೆಯ ಸಲ ಅಳೆದು ನೋಡಿದ್ದು ಯಾವಾಗ? ಅಂಟು ಸರಬರಾಜು ಮಾಡುವವನು ‘ಅದೇ ಮಾಲು, ಸ್ವಲ್ಪ ಅಗ್ಗ’ ಎಂದು ಹೊಸ ಡಬ್ಬಿ ಕಳಿಸಿದ್ದಾನೆಯೇ? ಆ ಅಗ್ಗದ ಅಂಟು ಆರು ತಿಂಗಳ ಮೇಲೆ ಆಸ್ಪತ್ರೆಯ ಸೆಕೆಯಲ್ಲಿ ಸಡಿಲಗೊಳ್ಳುವುದಿಲ್ಲವೆಂದು ಯಾರು ನೋಡಿದ್ದಾರೆ? ಮನೆಯಲ್ಲಿ ಉಪ್ಪಿನಕಾಯಿಗೆ ಬೇರೆ ಎಣ್ಣೆ ಹಾಕಿದರೆ ರುಚಿ ಕೆಟ್ಟೀತು, ಅಷ್ಟೆ. ಇಲ್ಲಿ ಹೇಳದೆ ಮಾಡಿದ ಸಣ್ಣ ಬದಲಾವಣೆಯೂ ಒಬ್ಬನ ಜೀವಕ್ಕೆ ಮುಳುವಾದೀತು.

ಭಾರತದಲ್ಲಿ ೨೦೧೭ರಲ್ಲಿ ರಚಿತವಾಗಿ ೨೦೧೮ರ ಜನವರಿ ೧ರಿಂದ ಜಾರಿಗೆ ಬಂದ ವೈದ್ಯಕೀಯ ಉಪಕರಣ ನಿಯಮಗಳು ಈ ಹೊಣೆಯನ್ನು ಕಾನೂನಿನ ಚೌಕಟ್ಟಿನಲ್ಲಿ ಇಟ್ಟಿವೆ. ಅಪಾಯದ ಪ್ರಮಾಣವನ್ನು ಅನುಸರಿಸಿ ಉಪಕರಣಗಳನ್ನು ನಾಲ್ಕು ವರ್ಗಗಳಾಗಿ ಅವು ವಿಂಗಡಿಸುತ್ತವೆ. ಗಾಯಕ್ಕೆ ಕಟ್ಟುವ ಸಾಮಾನ್ಯ ಪಟ್ಟಿಯಂಥವು ಮೊದಲನೆಯ ವರ್ಗದಲ್ಲಿದ್ದರೆ, ಜ್ವರಮಾಪಕದಂಥವು ಎರಡನೆಯದರಲ್ಲಿ, ವೆಂಟಿಲೇಟರಿನಂಥವು ಮೂರನೆಯದರಲ್ಲಿ, ಹೃದಯದ ಕವಾಟದಂಥವು ನಾಲ್ಕನೆಯದರಲ್ಲಿ ಬರುತ್ತವೆ. ಮೊದಲು ಆಯ್ದ ಕೆಲವೇ ಉಪಕರಣಗಳು ಕಾನೂನಿನ ಕಣ್ಣಿಗೆ ಬೀಳುತ್ತಿದ್ದವು. ೨೦೨೦ರ ಏಪ್ರಿಲ್ ೧ರಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಅದರ ವ್ಯಾಪ್ತಿಗೆ ಬಂದವು. ಯಾವ ತಂಡದ ಮಾಲು, ಯಾವ ದಿನ, ಯಾವ ಯಂತ್ರದ ಮೇಲೆ, ಯಾರ ಕೈಯಿಂದ, ಯಾವ ಕಚ್ಚಾ ಸಾಮಗ್ರಿಯಿಂದ ಆಯಿತೆಂಬುದು ಬರವಣಿಗೆಯಲ್ಲಿರಬೇಕು. ನಾಳೆ ದೂರದ ಊರಿನ ಆಸ್ಪತ್ರೆಯಿಂದ ಒಂದು ದೂರು ಬಂದರೆ, ಆ ಬರವಣಿಗೆಯ ಜಾಡು ಹಿಡಿದು ಹಿಂದಕ್ಕೆ ಬಂದು, ಅದೇ ದೋಷವಿರಬಹುದಾದ ಉಳಿದ ಮಾಲನ್ನೆಲ್ಲ ಹುಡುಕಿ ಮರಳಿ ತರಿಸಿಕೊಳ್ಳುವಂತಿರಬೇಕು.

ಇಷ್ಟೊಂದು ಬರೆಯುವುದೇಕೆ, ಮಾಡಿದ ವಸ್ತುವನ್ನೇ ಪರೀಕ್ಷಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಒಂದು ಇಂಜೆಕ್ಷನ್ ಸೂಜಿಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಅದು ರೋಗಾಣುರಹಿತವಾಗಿದೆಯೇ ಎಂದು ತಿಳಿಯಬೇಕಾದರೆ ಪೊಟ್ಟಣ ಬಿಚ್ಚಿ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಪರೀಕ್ಷಿಸಿದ ಸೂಜಿ ಬಳಕೆಗೆ ಬಾರದು. ಬಳಕೆಗೆ ಹೋಗುವ ಸೂಜಿಯನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಹತ್ತು ಲಕ್ಷ ಪೊಟ್ಟಣಗಳಲ್ಲಿ ಒಂದಕ್ಕಿಂತ ಹೆಚ್ಚಿನದರಲ್ಲಿ ಜೀವಂತ ರೋಗಾಣು ಉಳಿಯುವ ಸಂಭವ ಇರಕೂಡದು ಎಂಬುದು ಜಗತ್ತು ಒಪ್ಪಿಕೊಂಡ ಅಳತೆ. ಈ ಅಳತೆಯನ್ನು ಪೊಟ್ಟಣ ಬಿಚ್ಚಿ ತೋರಿಸಲು ಬಾರದು. ಎಥಿಲೀನ್ ಆಕ್ಸೈಡ್ ಅನಿಲದ ಕೋಣೆಯಲ್ಲಿ ಅದು ಇಷ್ಟು ಹೊತ್ತು, ಇಷ್ಟು ಉಷ್ಣತೆಯಲ್ಲಿ, ಇಷ್ಟು ತೇವದಲ್ಲಿ ಇತ್ತು ಎಂಬ ದಾಖಲೆಯೊಂದೇ ಅದಕ್ಕೆ ಸಾಕ್ಷಿ. ದಾಖಲೆ ಸತ್ಯವಾಗಿದ್ದರೆ ಸೂಜಿ ಶುದ್ಧ. ದಾಖಲೆ ಸುಳ್ಳಾದರೆ, ಸೂಜಿ ಬೆಳ್ಳಿಯಂತೆ ಹೊಳೆಯುತ್ತಿದ್ದರೂ ಅದನ್ನು ನಂಬುವಂತಿಲ್ಲ. ಆದುದರಿಂದ ಇಂಥ ಕಾರ್ಖಾನೆಯಿಂದ ಹೊರಬೀಳುವ ಮುಖ್ಯ ಸರಕು ಸೂಜಿಯೂ ಅಲ್ಲ, ಕವಾಟವೂ ಅಲ್ಲ. ನಂಬಿಕೆಗೆ ಅರ್ಹವಾದ ಮಾತು.

ಆ ಮಾತು ಮುರಿದಾಗ ಏನಾಗುತ್ತದೆ ಎಂಬುದಕ್ಕೆ ಹೃದಯದ ಕವಾಟವೊಂದರ ಇತಿಹಾಸ ಸಾಕ್ಷಿಯಾಗಿದೆ. ಬಿಯೋರ್ಕ್–ಶೈಲಿ ಎಂಬ ಹೆಸರಿನ ಕೃತಕ ಕವಾಟದ ಒಂದು ಮಾದರಿ ೧೯೭೯ರಿಂದ ೧೯೮೬ರ ತನಕ ಮಾರಾಟದಲ್ಲಿತ್ತು. ಜಗತ್ತಿನಾದ್ಯಂತ ಸುಮಾರು ೮೬,೦೦೦ ಮಂದಿಯ ಎದೆಯೊಳಗೆ ಅದನ್ನು ಕೂರಿಸಲಾಯಿತು. ಒಂದು ಬಿಲ್ಲೆ ತೆರೆಯುತ್ತ ಮುಚ್ಚುತ್ತ ರಕ್ತವನ್ನು ಒಂದೇ ದಿಕ್ಕಿಗೆ ಬಿಡಬೇಕು. ಆ ಬಿಲ್ಲೆಯನ್ನು ಹಿಡಿದಿಡಲು ಬೆಸುಗೆ ಹಾಕಿದ ಲೋಹದ ಸಣ್ಣ ಕಂಬಿ. ಕೆಲವು ಕವಾಟಗಳಲ್ಲಿ ಆ ಕಂಬಿ ಮುರಿಯಿತು, ಬಿಲ್ಲೆ ಕಳಚಿತು, ನೂರಾರು ಜನ ಅಸುನೀಗಿದರು. ಅನಂತರದ ವಿಚಾರಣೆಗಳಲ್ಲಿ ಹೊರಬಂದ ಸಂಗತಿ ಇನ್ನೂ ಘೋರವಾದದ್ದು. ಬೆಸುಗೆಯ ಕೆಲವು ದಾಖಲೆಗಳಲ್ಲಿ, ಆ ವೇಳೆಗಾಗಲೇ ಕೆಲಸ ಬಿಟ್ಟುಹೋಗಿದ್ದ ನೌಕರನ ಹೆಸರಿನಲ್ಲಿ ನಮೂದುಗಳಿದ್ದವು. ಲೋಹದ ಬಿರುಕು ಕಣ್ಣಿಗೆ ಬೀಳುವ ಮೊದಲೇ ಕಾಗದದಲ್ಲಿ ಬಿರುಕು ಬಿಟ್ಟಿತ್ತು.

ಇದರ ಪಕ್ಕದಲ್ಲಿ ನೆರೆನಾಡಿನ ಇನ್ನೊಂದು ಕವಾಟದ ಕಥೆಯನ್ನು ಇಟ್ಟು ನೋಡುವುದು ಉಚಿತ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನರ ಮುಂದಾಳುತನದಲ್ಲಿ ಭಾರತದ ಸ್ವಂತ ಕವಾಟವನ್ನು ರೂಪಿಸುವ ಪ್ರಯತ್ನ ನಡೆಯಿತು. ಮುಂದೆ ಇವರೇ ಮಣಿಪಾಲದ ವಿಶ್ವವಿದ್ಯಾನಿಲಯಕ್ಕೆ ಮೊದಲ ಕುಲಪತಿಗಳಾಗಿ ಬಂದು, ಕನ್ನಡನಾಡಿನಲ್ಲಿಯೇ ಬಹುಕಾಲ ನೆಲೆಸಿದ್ದು, ೨೦೨೪ರಲ್ಲಿ ಕಾಲವಾದರು. ಆ ಪ್ರಯತ್ನದಲ್ಲಿ ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಮನುಷ್ಯನ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ, ವರ್ಷಕ್ಕೆ ನಾಲ್ಕು ಕೋಟಿಯ ಹತ್ತಿರ ಮಿಡಿಯುತ್ತದೆ; ಅಷ್ಟನ್ನೂ ತಾಳಿಕೊಳ್ಳಬಲ್ಲದೆಂದು ಕಾಣುವ ತನಕ ಮನುಷ್ಯನ ಎದೆಗೆ ಅದನ್ನು ಒಯ್ಯುವಂತಿರಲಿಲ್ಲ. ಮೂರು ಸಲವೂ ಸೋಲನ್ನು ಸೋಲೆಂದೇ ಬರೆದಿಟ್ಟು ಮತ್ತೆ ಮೊದಲಿನಿಂದ ಹೊರಟರು. ನಾಲ್ಕನೆಯ ಮಾದರಿಯ ಚೌಕಟ್ಟನ್ನು ಬೆಸುಗೆಯೇ ಇಲ್ಲದಂತೆ ಒಂದೇ ಲೋಹದ ತುಂಡಿನಿಂದ ಕಡೆದು ತೆಗೆಯಲಾಯಿತು. ೧೯೯೦ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅದನ್ನು ಅಳವಡಿಸಿದರು. ಆಮೇಲೆ ಕಾರ್ಖಾನೆಯಲ್ಲಿ ತಯಾರಾಗಿ ಲಕ್ಷಕ್ಕೂ ಮಿಕ್ಕಿ ಜನರ ಎದೆಯಲ್ಲಿ ಅದು ಮಿಡಿದಿದೆ. ಮೂರು ಸೋಲುಗಳನ್ನು ಮುಚ್ಚಿಟ್ಟಿದ್ದರೆ ಈ ನಾಲ್ಕನೆಯ ಗೆಲುವು ಇರುತ್ತಿರಲಿಲ್ಲ.

ಮುಚ್ಚಿಡುವುದೆಂದರೆ ಸುಳ್ಳು ಬರೆಯುವುದಷ್ಟೇ ಅಲ್ಲ, ಕೇಳಿಸಿಕೊಳ್ಳದಿರುವುದೂ ಹೌದು. ೧೯೮೫ರಿಂದ ೧೯೮೭ರ ನಡುವೆ ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ, ಥೆರಾಕ್–೨೫ ಎಂಬ ವಿಕಿರಣ ಚಿಕಿತ್ಸೆಯ ಯಂತ್ರ ಆರು ಮಂದಿ ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಕೊಟ್ಟಿತು. ಹಳೆಯ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ಅದರಲ್ಲಿ ಬಿಟ್ಟು, ಕಂಪ್ಯೂಟರಿನ ಕ್ರಮವಿಧಿಯನ್ನೇ ನಂಬಲಾಗಿತ್ತು. ಮೈ ಸುಟ್ಟಂತಾಯಿತೆಂದು ರೋಗಿಗಳು ಹೇಳಿದರು. ಯಂತ್ರದಿಂದ ಹಾಗಾಗುವುದು ಅಸಾಧ್ಯವೆಂಬ ಉತ್ತರ ತಯಾರಕರಿಂದ ಮೊದಮೊದಲು ಬಂದಿತು. ಹೊರಗಿನಿಂದ ಬರುವ ದೂರನ್ನು ತನ್ನ ಮಾನಕ್ಕೆ ಬಂದ ಪೆಟ್ಟೆಂದು ತಿಳಿಯುವವನು ಈ ವೃತ್ತಿಗೆ ಸಲ್ಲ. ದೂರೆಂಬುದು ಕಾಣದ ರೋಗಿ ಕಾರ್ಖಾನೆಗೆ ಬರೆದ ಪತ್ರ. ಅದನ್ನು ಮೊದಲು ಓದಬೇಕು, ಉತ್ತರ ಆಮೇಲೆ.

ಉತ್ಪಾದನಾ ಮುಖ್ಯಸ್ಥನ ನಿಜವಾದ ಪರೀಕ್ಷೆ ಬರುವುದು ತಿಂಗಳ ಕೊನೆಯಲ್ಲಿ. ಮಾಲು ತುಂಬಲು ಲಾರಿ ಬಾಗಿಲಿನಲ್ಲಿ ನಿಂತಿದೆ. ಬೇಡಿಕೆ ಮುಟ್ಟಿಸುವ ದಿನ ನಾಳೆ. ಮೇಲಿನವರು ಎರಡು ಸಲ ಕೇಳಿಯಾಗಿದೆ. ಆ ಹೊತ್ತಿಗೆ ಪರೀಕ್ಷೆಯ ಮೇಜಿನ ಬಳಿ ಕೆಲಸ ಮಾಡುವ ಹುಡುಗಿಯೊಬ್ಬಳು ಅಂಜುತ್ತ ಬಂದು, ‘ಸರ್, ನೂರರಲ್ಲಿ ಒಂದು ಸೋರುತ್ತಾ ಇದೆ ಅಂತ ಅನ್ನಿಸ್ತದೆ’ ಎನ್ನುತ್ತಾಳೆ. ‘ಅನ್ನಿಸುತ್ತದೆ’ ಎಂಬುದಷ್ಟೇ ಅವಳ ಮಾತು, ಖಚಿತವಿಲ್ಲ. ಆ ಒಂದನ್ನು ಪಕ್ಕಕ್ಕಿಟ್ಟು ಉಳಿದ ತೊಂಬತ್ತೊಂಬತ್ತನ್ನು ಕಳುಹಿಸಿಬಿಡುವುದು ಎಷ್ಟು ಸುಲಭ! ಅವಳನ್ನು ಗದರಿಸಿ ಕಳುಹಿಸುವುದು ಇನ್ನೂ ಸುಲಭ. ಹಾಗೆ ಒಮ್ಮೆ ಗದರಿಸಿದರೆ ಆಕೆ ಮತ್ತೆಂದೂ ಬರುವುದಿಲ್ಲ. ಅವಳನ್ನು ನೋಡಿದ ಉಳಿದವರೂ ಬರುವುದಿಲ್ಲ. ಅಂದಿನಿಂದ ಆ ಕಾರ್ಖಾನೆಯಲ್ಲಿ ದೋಷಗಳು ಕಾಣದಾಗುತ್ತವೆ, ಇಲ್ಲವಾಗುವುದಿಲ್ಲ. ಒಳ್ಳೆಯ ಮುಖ್ಯಸ್ಥನು ಆ ಹುಡುಗಿಗೆ ಕುರ್ಚಿ ತೋರಿಸಿ ಕೂರಿಸುತ್ತಾನೆ. ‘ತೋರಿಸಮ್ಮ, ನೋಡೋಣ’ ಎನ್ನುತ್ತಾನೆ. ಲಾರಿ ಕಾಯುತ್ತದೆ. ಮೇಲಿನವರಿಗೆ ಉತ್ತರ ಹೇಳುವುದು ಅವನ ಪಾಲಿನ ಕಷ್ಟ. ಅದಕ್ಕಾಗಿಯೇ ಅವನಿಗೆ ಹೆಚ್ಚಿನ ಸಂಬಳ.

ನಿಲ್ಲಿಸು ಎನ್ನುವ ಅಧಿಕಾರ ನಡೆಸು ಎನ್ನುವ ಅಧಿಕಾರಕ್ಕಿಂತ ದೊಡ್ಡದು. ಅದರ ಬಳಕೆಯೂ ಸುಲಭವಲ್ಲ. ಸುಮ್ಮನೆ ಎಲ್ಲದಕ್ಕೂ ನಿಲ್ಲಿಸುತ್ತ ಕುಳಿತರೆ ಆಸ್ಪತ್ರೆಯಲ್ಲಿ ಸೂಜಿಯಿಲ್ಲ, ಕವಾಟವಿಲ್ಲ, ವೆಂಟಿಲೇಟರಿಲ್ಲ. ಆ ತಪ್ಪಿಗೂ ಪ್ರಾಣಗಳೇ ದಂಡ. ಯಾವಾಗ ನಿಲ್ಲಬೇಕು, ಯಾವಾಗ ಧೈರ್ಯವಾಗಿ ಮುಂದುವರಿಯಬೇಕು ಎಂಬುದನ್ನು ಪುಸ್ತಕ ಅರ್ಧ ಕಲಿಸೀತು. ಉಳಿದರ್ಧವನ್ನು ಕಲಿಸುವುದು, ಪ್ರತಿ ದಿನವೂ ಅಳೆದದ್ದನ್ನು ಅಳೆದಂತೆಯೇ ಬರೆದ ದೀರ್ಘಾಭ್ಯಾಸ. ತನ್ನ ದಾಖಲೆಯನ್ನು ತಾನೇ ನಂಬಬಲ್ಲವನಿಗೆ ಸಂಕಟದ ಗಳಿಗೆಯಲ್ಲಿ ನಿರ್ಣಯ ಕೈಗೊಳ್ಳಲು ಆಧಾರವಿರುತ್ತದೆ. ದಾಖಲೆಯನ್ನು ಅಲಂಕರಿಸುತ್ತ ಬಂದವನಿಗೆ ಆ ಗಳಿಗೆಯಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಈ ಅಭ್ಯಾಸ ಕಾರ್ಖಾನೆಯ ಬಾಗಿಲಿನಲ್ಲಿ ಆರಂಭವಾಗುವಂಥದಲ್ಲ. ಅದರ ಬೇರು ಶಾಲೆಯ ಪ್ರಯೋಗಾಲಯದಲ್ಲಿದೆ. ಅಧ್ಯಾಪಕರೆಲ್ಲರಿಗೂ ತಿಳಿದ ಒಂದು ಸಂಗತಿಯುಂಟು. ಲೋಲಕದ ಪ್ರಯೋಗವನ್ನು ಮಾಡುವ ಬಾಲಕನಿಗೆ ಗುರುತ್ವ ವೇಗೋತ್ಕರ್ಷದ ಉತ್ತರ ೯.೮ ಬರಬೇಕೆಂದು ಮೊದಲೇ ಗೊತ್ತು. ಅವನ ಗಡಿಯಾರ, ಅವನ ದಾರ, ಅವನ ಕೈ ಕೊಡುವ ಉತ್ತರ ೯.೧. ಅವನು ಸುತ್ತಲೂ ನೋಡಿ, ರಬ್ಬರಿನಿಂದ ಒಂದೆರಡು ಅಂಕಿಗಳನ್ನು ಅಳಿಸಿ, ೯.೮ ಬರುವಂತೆ ಹೊಂದಿಸಿ ಬರೆಯುತ್ತಾನೆ. ಪುಸ್ತಕ ಅಂದವಾಗಿ ಕಾಣುತ್ತದೆ, ಪೂರ್ಣಾಂಕ ದೊರೆಯುತ್ತದೆ. ಪಕ್ಕದ ಹುಡುಗ ೯.೧ ಎಂದೇ ಬರೆದು, ದಾರ ಜಗ್ಗಿರಬಹುದೇ ಎಂದು ಕೆಳಗೊಂದು ಸಾಲು ಸೇರಿಸಿದ್ದಾನೆ. ಅವನಿಗೆ ಎರಡು ಅಂಕ ಕಡಿಮೆ. ಮುಂದೊಂದು ದಿನ ಈ ಇಬ್ಬರಲ್ಲಿ ಯಾರ ಕೈಗೆ ಹೃದಯದ ಕವಾಟದ ದಾಖಲೆಯನ್ನು ಒಪ್ಪಿಸಬಹುದು ಎಂದು ಕೇಳಿಕೊಂಡರೆ, ಆ ಎರಡು ಅಂಕಗಳನ್ನು ಯಾರಿಗೆ ಕೊಡಬೇಕಾಗಿತ್ತು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ತೋರಣಗಲ್ಲು, ಸಂಡೂರು, ಹೊಸಪೇಟೆ, ಕಂಪ್ಲಿಗಳ ಮಕ್ಕಳು ಮುಂದೆ ಡಿಪ್ಲೊಮಾ ಓದಿ, ಐ.ಟಿ.ಐ. ಮುಗಿಸಿ, ಎಂಜಿನಿಯರುಗಳಾಗಿ ಕಾರ್ಖಾನೆಗಳಿಗೆ ಹೋಗುವವರೇ. ಕೆಲವರು ಆಮ್ಲಜನಕ ತುಂಬಿಯಾರು. ಕೆಲವರು ಮೈಸೂರು, ಬೆಂಗಳೂರುಗಳಲ್ಲಿ ವೆಂಟಿಲೇಟರ್ ಜೋಡಿಸಿಯಾರು. ಒಬ್ಬಿಬ್ಬರಾದರೂ ದೊಡ್ಡ ಕಾರ್ಖಾನೆಯ ಉತ್ಪಾದನೆಯನ್ನು ಮುನ್ನಡೆಸಿಯಾರು. ವಿದ್ಯಾಸಂಸ್ಥೆಗಳಿಗೆ ಪ್ರಯೋಗಾಲಯವನ್ನು ಕಟ್ಟಿಸಿಕೊಡುವ ದಾನಿಗಳು ಸಾಮಾನ್ಯವಾಗಿ ಕಟ್ಟಡವನ್ನೂ ಉಪಕರಣಗಳನ್ನೂ ನೋಡಿ ಸಂತೋಷಪಡುತ್ತಾರೆ, ಅದು ಸಹಜವೇ. ಅವುಗಳ ಜೊತೆಗೆ, ಅಲ್ಲಿನ ಮಕ್ಕಳ ಪ್ರಯೋಗದ ಪುಸ್ತಕಗಳನ್ನು ಒಮ್ಮೆ ತೆರೆಸಿ ನೋಡಿ, ಅವುಗಳಲ್ಲಿ ಅಳಿಸದೆ ಉಳಿಸಿದ ತಪ್ಪು ಉತ್ತರಗಳೆಷ್ಟಿವೆಯೆಂದು ಎಣಿಸುವ ಪದ್ಧತಿ ಬಂದರೆ, ಕೊಟ್ಟ ಹಣ ಎಷ್ಟರಮಟ್ಟಿಗೆ ಸಾರ್ಥಕವಾಯಿತೆಂದು ಅವರಿಗೇ ತಿಳಿದೀತು. ಅಧ್ಯಾಪಕರು ಆ ೯.೧ರ ಎದುರಿಗೆ ಕೆಂಪು ಶಾಯಿಯಲ್ಲಿ ‘ಸರಿಯಾಗಿ ಬರೆದಿದ್ದಾನೆ’ ಎಂದು ಸಹಿ ಮಾಡಿದರೆ, ಎಲ್ಲೋ ಒಂದು ಆಸ್ಪತ್ರೆಯಲ್ಲಿ, ಎಂದೋ ಒಂದು ರಾತ್ರಿ, ಇವರಾರನ್ನೂ ಅರಿಯದ ಒಬ್ಬ ರೋಗಿ ನೆಮ್ಮದಿಯಾಗಿ ಉಸಿರಾಡಿಯಾನು.